ಲೇಪ ಉದುರಿಸಿದ ರಾಡ್

ಮೇಸ್ತ್ರಿ 3.15 ಮಿ.ಮೀ. ವೆಲ್ಡಿಂಗ್ ರಾಡ್ ಒಂದನ್ನು ಕೈಗಿಟ್ಟು, "ಇದರ ಕೋಟಿಂಗ್ ಪೂರ್ತಿ ಉದುರಿಸಪ್ಪಾ" ಎಂದರು. ವೆಲ್ಡಿಂಗ್ ಕಲಿಯಲು ಬಂದವನಿಗೆ ಇದೆಂಥ ಕೆಲಸ ಅನ್ನಿಸಿತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬೂದು ಲೇಪ ಚೂರುಚೂರಾಗಿ ಉದುರಿ ಬರಿ ತಂತಿ ಉಳಿಯಿತು.

"ಈಗ ಹೊಡಿ, ನೋಡೋಣ."

ಟ್ರಾನ್ಸ್‌ಫಾರ್ಮರ್ ಮೆಷಿನ್ 110 ಆಂಪಿಯರ್‌ನಲ್ಲಿತ್ತು. ಹೆಲ್ಮೆಟ್ ಇಳಿಸಿ ತಂತಿಯನ್ನು ಕಬ್ಬಿಣದ ತಗಡಿಗೆ ಗೀರಿದೆ. ಟಪ್ ಎಂದು ಕಿಡಿ ಹಾರಿ ಆರಿತು. ಮತ್ತೆ ಗೀರಿದರೆ ಅಂಟಿಕೊಂಡಿತು. ಹೋಲ್ಡರ್ ಅಲುಗಿಸಿ ಬಿಡಿಸುವಷ್ಟರಲ್ಲಿ ತಂತಿ ಕೆಂಪಗೆ ಕಾದಿತ್ತು. ಹಾಗೂ ಹೀಗೂ ಒಂದಿಷ್ಟು ಲೋಹ ಬಿತ್ತು. ಎಲ್ಲಾ ತೂತು ಬಿದ್ದ ಗಂಟುಗಳು. ಮೇಸ್ತ್ರಿ ಉಳಿ ಇಟ್ಟು ಒಂದೇಟು ಹಾಕಿದರು, ಎದ್ದು ಬಂತು.

ಆಮೇಲೆ ಅದೇ ಪ್ಯಾಕೆಟ್‌ನಿಂದ ಲೇಪವಿದ್ದ ರಾಡ್ ಕೊಟ್ಟರು. ಆರ್ಕ್, ಅಂದರೆ ರಾಡಿಗೂ ತಗಡಿಗೂ ನಡುವೆ ಹೊತ್ತುವ ವಿದ್ಯುತ್ ಜ್ವಾಲೆ, ಹೊತ್ತಿ ಆರದೆ ಉಳಿದೇಬಿಟ್ಟಿತು. 50 ಹರ್ಟ್ಜ್ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಅಷ್ಟೂ ಸಲ ಆರ್ಕ್ ಆರಿ ಹೋಗಬಹುದು. ನನ್ನ ಕೈಲಿದ್ದದ್ದು 6013 ಎಂಬ ಬಗೆಯ ರಾಡ್. ಅದರ ಲೇಪದಲ್ಲಿ ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ, ಜೊತೆಗೆ ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಸುಲಭವಾಗಿ ಅಯಾನು (ವಿದ್ಯುದಾವೇಶದ ಕಣ) ಆಗುವುದರಿಂದ ಕರೆಂಟಿಗೆ ದಾರಿ ಸಿಗುತ್ತದೆ, ಆರ್ಕ್ ಮತ್ತೆ ಹತ್ತಿಕೊಳ್ಳುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಒಂದೇ ಸಮನೆ ಚರಚರ ಸದ್ದು.

ಅದೇ ಲೇಪದ ಒಂದು ಪಾಲು ಉರಿದು ಅನಿಲವಾಗುತ್ತದೆ. ಕರಗಿದ ಲೋಹದ ಸುತ್ತ ನಿಂತು, ಗಾಳಿಯಲ್ಲಿರುವ ಆಮ್ಲಜನಕ, ಸಾರಜನಕ ಒಳಗೆ ನುಗ್ಗದಂತೆ ತಡೆಯುತ್ತದೆ. ಬರಿ ತಂತಿಗೆ ಈ ಕಾವಲು ಇರಲಿಲ್ಲ, ಅದಕ್ಕೇ ಅಷ್ಟು ತೂತು. ಉಳಿದ ಪಾಲು ಕರಗಿ, ಲೋಹದ ಕಲ್ಮಶ ಎಳೆದುಕೊಂಡು ಮೇಲೆ ತೇಲುತ್ತದೆ. ಗಟ್ಟಿಯಾದರೆ ಅದೇ ಸ್ಲ್ಯಾಗ್. ಚಿಪ್ಪಿಂಗ್ ಸುತ್ತಿಗೆಯಲ್ಲಿ ತಟ್ಟಿದೆ. (ಕನ್ನಡಕ ಇಲ್ಲದೆ ತಟ್ಟಬೇಡಿ, ಬಿಸಿ ಚೂರು ನೇರ ಕಣ್ಣಿಗೇ ಹಾರುತ್ತದೆ.) ಕಪ್ಪು ಪದರ ಎದ್ದು, ಅಡಿಯಲ್ಲಿ ಮೀನಿನ ಹುರುಪೆಯಂಥ ಅಲೆಗಳು ಕಂಡವು. ಕುಣಿಯುವಷ್ಟು ಖುಷಿಯಾಯಿತು.

ರಾಡಿಗೆ ಲೇಪ ಕೊಡುವ ದಾರಿ ತೋರಿಸಿದವರು ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ. 1900ರ ದಶಕದ ಮಾತು. ಅದಕ್ಕೂ ಮೊದಲಿನವರು ಬರಿ ತಂತಿ ಹಿಡಿದು ಎಷ್ಟು ಒದ್ದಾಡಿದ್ದರೋ!

ಮೂಲೆಯ ಓವನ್‌ನಲ್ಲಿ 7018 ಎಂಬ ಇನ್ನೊಂದು ಬಗೆಯ ರಾಡ್‌ಗಳಿದ್ದವು. ಅದನ್ನೂ ಒಂದು ನೋಡೋಣವೇ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ಅದರ ಲೇಪ ತೇವ ಎಳೆದುಕೊಂಡರೆ ಹೈಡ್ರೋಜನ್ ಬೆಸುಗೆಗೆ ಸೇರುತ್ತದಂತೆ. ಹೊರಗೆ ಚೆನ್ನಾಗಿಯೇ ಕಾಣುವ ಬೆಸುಗೆ, ತಣ್ಣಗಾಗಿ ಎಷ್ಟೋ ಗಂಟೆಯ ಮೇಲೆ ಒಳಗೇ ಬಿರುಕು ಬಿಡಬಹುದು.

"ಅದನ್ನ ಸುಮ್ನೆ ಹೊರಗೆ ತೆಗೀಬಾರದು. ಮೊದಲು ಇದನ್ನ ಮುಗಿಸು" ಎಂದು 6013 ಪ್ಯಾಕೆಟ್ಟನ್ನು ಇಡಿಯಾಗಿ ನನ್ನ ಕಡೆ ತಳ್ಳಿದರು.