ಏಳನೇ ಕಥೆ, 214 ಪ್ರಶ್ನಾರ್ಥಕ ಚಿಹ್ನೆ

ಕೊನೆಗೂ ಸಿಕ್ಕಿತು! ಕಥಾ ಸ್ಪರ್ಧೆಗೆ ಕಳಿಸಿದ ನನ್ನ ಕಥೆಯಲ್ಲಿ ಎಲ್ಲೆಲ್ಲೂ ಪ್ರಶ್ನಾರ್ಥಕ ಚಿಹ್ನೆ ಹೇಗೆ ನುಗ್ಗಿದವು ಅಂತ ಮೂರು ವಾರದಿಂದ ತಲೆ ತಿನ್ನುತ್ತಿದ್ದ ತೊಂದರೆಯ ಬುಡ ನಿನ್ನೆ ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಫ್ಯಾನ್ ಕೂಡ ಬಿಸಿಗಾಳಿಯನ್ನೇ ಊದುತ್ತಿತ್ತು. ಆದರೂ ಎದ್ದು ಹೋಗಿ ಒಂದು ಕಪ್ ಚಹಾ ಮಾಡಿಕೊಂಡು ಕುಡಿದೆ. ಅಷ್ಟು ಖುಷಿ.

ಹಿಂದಿನ ಸಲ ಬರೆದಾಗ ಏಳನೇ ಕಥೆ ಸ್ಪರ್ಧೆಗೆ ಹೋಯಿತು ಅಂತ ಹೇಳಿದ್ದೆ. ಬರೆದದ್ದು, ತಿದ್ದಿದ್ದು, ಹೆಸರು-ವಿಳಾಸ ಬೇರೆ ಹಾಳೆಯಲ್ಲಿ ಹಾಕಿದ್ದು, ಸ್ವಂತ ರಚನೆ ಅಂತ ಒಪ್ಪಿಗೆ ಪತ್ರ ಬರೆದದ್ದು, ಅದೆಲ್ಲ ನೀವೂ ಮಾಡುವುದೇ. ನೇರವಾಗಿ ಗೋಳಿಗೆ ಬರುತ್ತೇನೆ.

ಕೊನೆಯ ದಿನ ದಾಟಿ ಮೂರು ದಿನಕ್ಕೆ ಒಂದು ಫೋನ್ ಬಂತು. ಸ್ಪರ್ಧೆ ನಡೆಸುವವರ ಕಡೆಯವರು. ಬಹಳ ಒಳ್ಳೆಯ ಮನುಷ್ಯ, ಫೋನ್ ಮಾಡಬೇಕು ಅಂತ ಅವರಿಗೇನೂ ಇರಲಿಲ್ಲ. "ನಿಮ್ಮ ಕಥೆಯಲ್ಲಿ ಪಾತ್ರಗಳ ಮಾತಿನ ನಡುವೆ ಎಲ್ಲೆಲ್ಲೂ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಅದು ಬೇಕಂತಲೇ ಹಾಕಿದ್ದಾ?" ಅಂತ ಕೇಳಿದರು. ನನಗೆ ಒಂದು ನಿಮಿಷ ಏನೂ ತಿಳಿಯಲಿಲ್ಲ. ಬೇರೆ ಫೈಲ್ ಕಳಿಸಲಾ ಅಂದೆ. ಕೊನೆಯ ದಿನ ಮುಗಿದಿದೆ, ಬಂದದ್ದು ಬಂದ ಹಾಗೇ ಹೋಗಬೇಕು ಅಂದರು. ನಿಯಮ ನಿಯಮವೇ. ಅವರ ಮೇಲೆ ನನಗೆ ಬೇಸರ ಇಲ್ಲ.

ಅವತ್ತು ರಾತ್ರಿ ಕಳಿಸಿದ ಫೈಲ್ ತೆರೆದು ಕೂತು ಎಣಿಸಿದೆ. 214! ಕಥೆಯ ಮುಖ್ಯ ಜಾಗ ಕೊನೆಯ ಮಾತು. ಗಂಗವ್ವ ಅಂತ ಮುದುಕಿ, ತೊಗರಿ ರಾಶಿ ಕಾಯುತ್ತಾ ರಾತ್ರಿಯೆಲ್ಲ ಹೊಲದಲ್ಲಿ ಕೂತಿದ್ದಾಳೆ, ಪುಣೆಗೆ ದುಡಿಯಲು ಹೋದ ಮಗ ನಸುಕಿನಲ್ಲಿ ಬರುತ್ತಾನೆ. ಅವಳು ಅನ್ನುವುದು ಇಷ್ಟೇ: "ನಾ ಮಲಗಿಲ್ಲೋ ಅಪ್ಪಾ, ನಿನ್ ಹಾದಿ ನೋಡ್ಲತ್ತೀನಿ." ಈ ಒಂದು ಸಾಲಿಗಾಗಿ ನಾನು ಹನ್ನೊಂದು ಪುಟ ಬರೆದಿದ್ದೆ. ತೀರ್ಪುಗಾರರ ಕೈಗೆ ಹೋದದ್ದು "ನೋಡ್?ಲತ್ತೀನಿ." ಹಡೆದ ಮಗನನ್ನೇ ನೋಡಿದ್ದಾಳೋ ಇಲ್ಲವೋ ಅಂತ ಅವಳಿಗೇ ಅನುಮಾನ ಬಂದ ಹಾಗೆ.

ಮೊದಲು ಸಿಟ್ಟು ಬಂದದ್ದು ಡಿಟಿಪಿ ಅಂಗಡಿಯ ಮೇಲೆ. ಆ ಅಂಗಡಿಯ ಬಗ್ಗೆ ನನಗೆ ಹಳೆಯ ದೂರು ಇದೆ. ಮೂರು ಪ್ರತಿ ಅಂದರೆ ಮೂರನೆಯದರಲ್ಲಿ ಒಂದು ಪುಟ ಕಡಿಮೆ ಇರುತ್ತದೆ. ಟೋನರ್ ತೀರುತ್ತಾ ಬಂದಿದ್ದರೂ ಡಬ್ಬಿ ಅಲ್ಲಾಡಿಸಿ ಮತ್ತೆ ಹಾಕುತ್ತಾರೆ, ಏಳನೇ ಪುಟದಿಂದ ಕಥೆ ಮಸುಕಾಗುತ್ತಾ ಹೋಗುತ್ತದೆ. ಕಾಗದವೂ ಅಷ್ಟೇ, ದಪ್ಪದ ಎ4 ಅಂತ ದುಡ್ಡು ತಗೊಂಡು ಈ ಕಡೆಯ ಅಕ್ಷರ ಆ ಕಡೆ ಕಾಣುವಂಥದ್ದು ಹಾಕುತ್ತಾರೆ. ಆದರೆ ಈ ಸಲ ತಪ್ಪು ಅಲ್ಲಿ ಆಗಿರಲಿಲ್ಲ. ಮನೆಯಲ್ಲಿದ್ದ ಫೈಲಿನಲ್ಲೇ ಚಿಹ್ನೆಗಳಿದ್ದವು.

ಆಮೇಲೆ ಅನುಮಾನ ಹೋದದ್ದು ಪರಿವರ್ತಕದ ಮೇಲೆ, ಅಂದರೆ ಬರಹವನ್ನು ಒಂದು ಥರದ ಫಾಂಟಿನಿಂದ ಇನ್ನೊಂದಕ್ಕೆ ಬದಲಿಸುವ ತಂತ್ರಾಂಶದ ಮೇಲೆ. ನಾನು ಬರೆಯುವುದು ಯೂನಿಕೋಡ್‌ನಲ್ಲಿ, ಜಾಸ್ತಿ ಭಾಗ ಮೊಬೈಲಿನಲ್ಲೇ. ಸ್ಪರ್ಧೆಯವರು ಕೇಳಿದ್ದು ನುಡಿ ಫಾಂಟಿನಲ್ಲಿ. ಪುಟ ಕಟ್ಟುವವರಲ್ಲಿ ಎಷ್ಟೋ ಜನ ಇನ್ನೂ ಹಳೆಯ ಆಸ್ಕಿ ಫಾಂಟ್‌ಗಳಲ್ಲೇ ಕೆಲಸ ಮಾಡುತ್ತಾರೆ, ಹಾಗಾಗಿ ಪರಿವರ್ತನೆ ತಪ್ಪಿದ್ದಲ್ಲ. ಅರ್ಕಾವೊತ್ತು ಕೆಟ್ಟಿರಬೇಕು ಅಂದುಕೊಂಡೆ, ಯಾವಾಗಲೂ ಕೆಡುವುದು ಅದೇ ಅಲ್ವಾ. 'ಕರ್ಮ' ಅಂತ ಬರೆದರೆ ಯೂನಿಕೋಡ್‌ನಲ್ಲಿ ರ ಮೊದಲು, ಮ ಆಮೇಲೆ. ಆಸ್ಕಿ ಫಾಂಟ್‌ನಲ್ಲಿ ಕಣ್ಣಿಗೆ ಕಾಣುವ ಕ್ರಮ, ಮ ಮೊದಲು, ಅರ್ಕಾವೊತ್ತು ಆಮೇಲೆ. ಪರಿವರ್ತಕ ಅದನ್ನು ಹಿಂದೆಮುಂದೆ ಮಾಡಬೇಕು. ನೋಡಿದರೆ ಕಥೆಯಲ್ಲಿದ್ದ ಅರ್ಕಾವೊತ್ತು ಒಂದೂ ಕೆಟ್ಟಿರಲಿಲ್ಲ. ಧರ್ಮಸಾಲೆ, ಊರ್ಮಿಳಾ, ಎಲ್ಲ ಸರಿಯಾಗಿಯೇ ಕೂತಿದ್ದವು.

ಎರಡು ವಾರ ಹೀಗೇ ಹೋಯಿತು. ಹಗಲು ದಾಲ್ ಮಿಲ್‌ನ ಲೆಕ್ಕ, ರಾತ್ರಿ ಪ್ರಶ್ನಾರ್ಥಕ ಚಿಹ್ನೆಯ ಲೆಕ್ಕ. ಸದ್ಯ ಇದು ತೊಗರಿ ಬರುವ ಕಾಲ ಅಲ್ಲ. ಜನವರಿ, ಫೆಬ್ರವರಿಯಲ್ಲಿ ಆಗಿದ್ದರೆ ಫೈಲ್ ತೆರೆಯಲಿಕ್ಕೂ ಪುರುಸೊತ್ತು ಇರುತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು ನಿನ್ನೆ. 214ರಲ್ಲಿ ಬಹುಪಾಲು ಮಾತಿನೊಳಗೆ ಇದ್ದವು. ಆದರೆ ನಿರೂಪಣೆಯಲ್ಲೂ ಎರಡು ಮೂರು ಇದ್ದವು. ಅದರಲ್ಲಿ ಒಂದು "ಬಸ್?ಸ್ಟ್ಯಾಂಡ್." ಅದನ್ನು ನೋಡಿದಾಗ ತಲೆಗೆ ಹೊಳೆಯಿತು. ಬಸ್ ಮತ್ತು ಸ್ಟ್ಯಾಂಡ್ ಅಂಟಿಕೊಳ್ಳಬಾರದು ಅಂತ ನಾನೇ ನಡುವೆ ಒಂದು ಕಾಣದ ಅಕ್ಷರ ಹಾಕಿದ್ದೆ. ಝೀರೋ ವಿಡ್ತ್ ನಾನ್ ಜಾಯ್ನರ್. ನಿಮಗೆಲ್ಲ ಗೊತ್ತಿರುವುದೇ, ಅರ್ಧ ಅಕ್ಷರವನ್ನು ಅರ್ಧವಾಗಿಯೇ ನಿಲ್ಲಿಸಿ ಮುಂದಿನದು ಒತ್ತಾಗದ ಹಾಗೆ ತಡೆಯುವುದು. ಅದಿಲ್ಲದಿದ್ದರೆ ಯೂನಿಕೋಡ್ ಎರಡನ್ನೂ ತಾನೇ ಕೂಡಿಸಿಬಿಡುತ್ತದೆ. ಹಳೆಯ ಫಾಂಟ್‌ನಲ್ಲಿ ಈ ಗೊಡವೆ ಇಲ್ಲ. ಅಲ್ಲಿ 'ಡ್' ಅನ್ನುವುದೇ ಒಂದು ಆಕಾರ, 'ಲ' ಇನ್ನೊಂದು ಆಕಾರ, ಪಕ್ಕಪಕ್ಕ ಕೂತಿರುತ್ತವೆ, ಅಷ್ಟೇ. ಹಾಗಾಗಿ ಆ ಕಾಣದ ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ. ನನ್ನ ಪರಿವರ್ತಕ ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಮುಂದಕ್ಕೆ ದಾಟಿಸಿದೆ. ನಾನು ಅದನ್ನು ನೋಟ್‌ಪ್ಯಾಡ್‌ಗೆ ಹಾಕಿ ಆನ್ಸಿ ಅಂತ, ಅಂದರೆ ಕೆಲವೇ ಅಕ್ಷರಗಳಿರುವ ಹಳೆಯ ಪಟ್ಟಿಯಲ್ಲಿ, ಉಳಿಸಿದೆ. ಆನ್ಸಿ ಪಟ್ಟಿಯಲ್ಲಿ ಇಲ್ಲದ ಅಕ್ಷರವೆಲ್ಲ ಅಲ್ಲಿ ಪ್ರಶ್ನಾರ್ಥಕ ಆಗುತ್ತದೆ. ಉಳಿಸುವ ಮೊದಲು ನೋಟ್‌ಪ್ಯಾಡ್ ಕೆಲವು ಅಕ್ಷರ ಕಳೆದುಹೋಗುತ್ತವೆ ಅಂತ ಎಚ್ಚರಿಕೆಯನ್ನೂ ಕೊಡುತ್ತದೆ. ಕೊನೆಯ ದಿನದ ಅವಸರದಲ್ಲಿ ನಾನು ಅದನ್ನು ಓದಲಿಲ್ಲ, ಓಕೆ ಒತ್ತಿದೆ. ನೀವು ಓದಿ. ದಯವಿಟ್ಟು ಓದಿ.

ತೆಗೆಯುವುದು ಸುಲಭ. ವರ್ಡ್‌ನ ಹುಡುಕುವ ಡಬ್ಬಿಯಲ್ಲಿ ಕ್ಯಾರೆಟ್ ಗುರುತು (^), ಅದಕ್ಕೆ ಅಂಟಿಕೊಂಡು ಸಣ್ಣ ಯು, ಆಮೇಲೆ 8204. ಬದಲಿ ಡಬ್ಬಿ ಖಾಲಿ. ಎಲ್ಲ ಬದಲಿಸು ಅಂದರೆ ಒಂದೇ ಏಟಿಗೆ ಹೋಗುತ್ತವೆ. ಅದರ ಅಣ್ಣತಮ್ಮ, ಅಂದರೆ 'ರ‍್ಯಾಲಿ' ಬರೆಯಲು ಬೇಕಾಗುವ ಜಾಯ್ನರ್, 8205. ಅದನ್ನೂ ಒಮ್ಮೆ ಹುಡುಕಿ ನೋಡಿ. ಇದನ್ನು ಮೂಲ ಫೈಲಿನಲ್ಲಿ ಅಲ್ಲ, ಪ್ರತಿ ಮಾಡಿಕೊಂಡು ಅದರಲ್ಲಿ ಮಾಡಿ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ತಡೆ ತೆಗೆದ ಮೇಲೆ ಅಕ್ಷರಗಳೆಲ್ಲ ಅಂಟಿಕೊಂಡವು. 'ನೋಡ್‌ಲತ್ತೀನಿ' ಇದ್ದದ್ದು 'ನೋಡ್ಲತ್ತೀನಿ' ಆಯಿತು. 'ಬರ್‌ಲತ್ತಾನ' ಇದ್ದದ್ದು ಅರ್ಕಾವೊತ್ತು ಹೊತ್ತುಕೊಂಡು 'ಬರ್ಲತ್ತಾನ' ಆಯಿತು. ಪುಟ ತುಂಬ ಒತ್ತಕ್ಷರ. ದೂರದ ಓದುಗರು ಇದನ್ನು ಎಡವದೆ ಓದುತ್ತಾರಾ ಅಂತ ಭಯ. ಮೊದಲು ಬಿಡಿಸಿ ಬರೆದದ್ದೇ ಆ ಭಯಕ್ಕೆ.

ಈ ಭಯಕ್ಕೊಂದು ಕಾರಣ ಇದೆ. ಐದನೇ ಕಥೆ ಒಂದು ಪತ್ರಿಕೆಯಲ್ಲಿ ಬಂದಾಗ ಅಲ್ಲಿ ಯಾರೋ ನನ್ನ 'ಮಾಡ್ಲತ್ತೀನಿ'ಗಳನ್ನೆಲ್ಲ 'ಮಾಡಾಕತ್ತೀನಿ' ಅಂತ ತಿದ್ದಿದ್ದರು. 'ಮನಿಗಿ' ಅನ್ನುವುದು 'ಮನೀಗೆ' ಆಗಿತ್ತು. ಉತ್ತರ ಕರ್ನಾಟಕ ಅಂದರೆ ಒಂದೇ ಮಾತು ಅಂತ ಅವರು ತಿಳಿದಿರಬೇಕು. 'ಮಾಡಾಕತ್ತೀನಿ' ಧಾರವಾಡ ಕಡೆಯ ಚಂದದ ಮಾತೇ, ನನಗೆ ಪ್ರೀತಿ ಇದೆ. ಆದರೆ ನಮ್ಮ ಕಡೆಯದಲ್ಲ. ಜೇವರ್ಗಿಯ ಮುದುಕಿಯ ಬಾಯಲ್ಲಿ ಧಾರವಾಡದ ಮಾತು ಇಟ್ಟರೆ ಅವಳು ಬೇರೆ ಯಾರೋ ಆಗಿಬಿಡುತ್ತಾಳೆ. ಪ್ರಕಟವಾದ ಪ್ರತಿಯನ್ನು ನಾನು ಅವ್ವನಿಗೆ ಓದಿ ಹೇಳಲೇ ಇಲ್ಲ. ಈಗಲೂ ಆ ಸಂಚಿಕೆ ಕಪಾಟಿನ ತಳದಲ್ಲಿದೆ.

ಈ ಸಲ ಓದಿ ಹೇಳಿದೆ. ಇವತ್ತು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎರಡೂ ಥರ ಓದಿದೆ. ಮೊದಲು ಬಿಡಿಸಿ, ನೋಡ್ ಅಂದು ಚೂರು ನಿಂತು, ಆಮೇಲೆ ಲತ್ತೀನಿ. ಅವ್ವ ಕೈ ನಿಲ್ಲಿಸಿದಳು.

"ಹಂಗ ಯಾರ್ ಅಂತಾರ? ನೋಡ್ ಅಂದು ನೀ ನಿಂತ್ರ, ಎದುರಿನವ ಏನ್ ನೋಡ್ಬೇಕಂತ ತಿರುಗಿ ನೋಡ್ತಾನ. ಒಮ್ಮಿಗೇ ಅನ್ನು."

ನಾನು ಬಿಡಿಸಿ ಬರೆದದ್ದೇ ತಪ್ಪಾಗಿತ್ತು. ಬಿಡಿಸಿದರೆ 'ನೋಡು' ಅಂತ ಅಪ್ಪಣೆ ಮಾಡಿದ ಹಾಗೆ ಕೇಳುತ್ತದೆ. ಕೂಡಿಸಿದರೆ ಮಾತ್ರ ಅದು ಕಾಯುವುದು. ಅವ್ವನ ಮುಂದೆ ಉಳಿದ ಮಾತುಗಳನ್ನೂ ಓದುತ್ತಾ ಹೋದೆ. ಯಾಕ್ರಿ, ಅವ್ರ, ಹೋಗ್ಲತ್ತೀನಿ, ಎಲ್ಲ ಕೂಡಿಯೇ ಇರಬೇಕು. 214ರಲ್ಲಿ ನಿಜವಾಗಿ ಬಿಡಿಸಬೇಕಾದದ್ದು ಒಂಬತ್ತು ಮಾತ್ರ ಉಳಿದವು, ಅವೆಲ್ಲ ಇಂಗ್ಲಿಷ್ ಮೂಲದವು. ಬಸ್ ಸ್ಟ್ಯಾಂಡ್ ನಡುವೆ ಜಾಗ ಬಿಟ್ಟೆ. ಫೋನ್‌ನಲ್ಲಿ ಅನ್ನುವುದನ್ನು ಫೋನಿನಲ್ಲಿ ಮಾಡಿದೆ. ಪೋಸ್ಟ್‌ಮ್ಯಾನ್ ಅನ್ನುವುದು ನಾಲ್ಕು ಕಡೆ ಇತ್ತು. "ಗಂಗವ್ವ ಪೋಸ್ಟ್‌ಮ್ಯಾನ್ ಅಂತಾಳ? ಟಪಾಲಿನವ ಅಂತಾಳ" ಅಂದಳು ಅವ್ವ. ಅದೂ ಸರಿಹೋಯಿತು.

ಇದನ್ನು ತಿದ್ದುವಾಗ ಮಳಖೇಡ ನೆನಪಾಯಿತು. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ, ಕವಿರಾಜಮಾರ್ಗ ಹುಟ್ಟಿತು. ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಅದು ಎಣಿಸಿದ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಮಾನ್ಯಖೇಟ ಆ ಪಟ್ಟಿಯಲ್ಲಿಲ್ಲ. ಶಾಲೆಯಲ್ಲಿ ಓದಿದಾಗ ನನಗೆ ಇದು ಬಹಳ ನೋವಾಗಿತ್ತು. ಆದರೆ ಅದೇ ಪುಸ್ತಕ ಕನ್ನಡಗಳು ಅಂತ ಬಹುವಚನದಲ್ಲೂ ಮಾತಾಡುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಬಹುವಚನ ಹಾಕಿದವರಿಗೆ ನಮ್ಮ 'ನೋಡ್ಲತ್ತೀನಿ' ಕೂಡ ಲೆಕ್ಕದಲ್ಲಿರುತ್ತದೆ ಅಂತ ನಾನು ನಂಬುತ್ತೇನೆ.

ಇನ್ನೊಂದು ಲಾಭ ಹೇಳಿಬಿಡುತ್ತೇನೆ, ಪದಮಿತಿಯಲ್ಲಿ ಒದ್ದಾಡುವವರಿಗೆ. 'ನೋಡುತ್ತಾ ಇದ್ದೇನೆ' ಅಂದರೆ ವರ್ಡ್ ಎರಡು ಪದ ಅಂತ ಎಣಿಸುತ್ತದೆ. 'ನೋಡ್ಲತ್ತೀನಿ' ಒಂದೇ. 2,500 ಪದದ ಮಿತಿಗೆ ಕಥೆ 60 ಪದ ಜಾಸ್ತಿ ಇತ್ತು. ಎಷ್ಟೋ ಕಡೆ ಮಾತುಗಳು ಪುಸ್ತಕದ ಕನ್ನಡಕ್ಕೆ ಜಾರಿದ್ದವು. ಅವನ್ನು ನಮ್ಮ ಮಾತಿಗೆ ತಂದಾಗ ಅರ್ಧ ಭಾರ ತಾನಾಗಿಯೇ ಇಳಿಯಿತು. ಉಳಿದದ್ದಕ್ಕೆ ಎರಡನೇ ಪುಟದ ಚಂದ್ರನನ್ನು ತೆಗೆದೆ. ಚಂದ್ರ ಇಲ್ಲದೆಯೂ ರಾತ್ರಿ ಆಗುತ್ತದೆ.

ಅವ್ವನ ಜೊತೆ ಕೂತಿದ್ದರಿಂದ ಹೊಸ ಹುಚ್ಚು ಒಂದು ಹತ್ತಿದೆ. ಅವಳ ಮಾತು ದಿನಕ್ಕೆ ಹತ್ತು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬರೆದಿಟ್ಟುಕೊಳ್ಳಬೇಕು. ಸುಮ್ನೆ ಪದಗಳ ಪಟ್ಟಿ ಅಲ್ಲ, ಪೂರ್ತಿ ವಾಕ್ಯಗಳು. ಯಾವಾಗ 'ಹೊಂಟಾನ' ಅಂತಾಳೆ, ಯಾವಾಗ 'ಹೋಗ್ಲತ್ತಾನ' ಅಂತಾಳೆ, ಎರಡಕ್ಕೂ ಏನು ವ್ಯತ್ಯಾಸ, ಮಗನಾದ ನನಗೇ ಸರಿಯಾಗಿ ಹೇಳಲು ಬರುವುದಿಲ್ಲ. ಅಜ್ಜಿ ಇದ್ದಾಗ ಇದನ್ನು ಮಾಡಬೇಕಿತ್ತು. ಮಳೆಗಾಲದೊಳಗೆ ಒಂದು ನೋಟ್‌ಬುಕ್ ತುಂಬಿದರೆ, ಹತ್ತು ಕಥೆಗಳ ಹಸ್ತಪ್ರತಿಯ ಮಾತುಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟು ಮತ್ತೆ ತಿದ್ದುತ್ತೇನೆ. ಛಂದ ಪುಸ್ತಕ ಪ್ರಕಾಶನದವರು ಇನ್ನೂ ಕಥಾ ಸಂಕಲನ ತರದವರಿಗೆ ಹಸ್ತಪ್ರತಿ ಸ್ಪರ್ಧೆ ಇಡುತ್ತಾರಲ್ಲ, ಕಣ್ಣು ಅದರ ಮೇಲಿದೆ. ಸದ್ಯಕ್ಕೆ ಏಳು ಕಥೆ ಇವೆ, ಅದರಲ್ಲಿ ಎರಡು ಹಸಿ.

ಗಂಗವ್ವನ ವಿಷಯಕ್ಕೆ ಬರುತ್ತೇನೆ. ಆ ಸ್ಪರ್ಧೆಯ ಫಲಿತಾಂಶ ಬರುವ ತನಕ ಈ ಕಥೆಯನ್ನು ಬೇರೆ ಕಡೆ ಕಳಿಸುವ ಹಾಗಿಲ್ಲ ಅಂತ ನಿಯಮ ಇತ್ತು. ಹಾಗಾಗಿ ಮಧ್ಯಾಹ್ನ ಅದೇ ಒಳ್ಳೆಯ ಮನುಷ್ಯನಿಗೆ ಫೋನ್ ಮಾಡಿ ಕಥೆ ವಾಪಸ್ ತಗೊಳ್ಳುತ್ತೇನೆ ಅಂದೆ. ಇಮೇಲ್ ಬರೆದು ಕಳಿಸಿ ಅಂದರು, ಕಳಿಸಿದೆ, ಆಯಿತು ಅಂತ ಉತ್ತರವೂ ಬಂತು. 214 ಪ್ರಶ್ನೆ ಹೊತ್ತುಕೊಂಡು ಅವಳು ಅಲ್ಲಿ ಕೂರುವುದು ನನಗೆ ಬೇಡ. ಈಗ ತಿದ್ದಿದ ಕಥೆ ಒಂದು ಮಾಸಿಕಕ್ಕೆ ಹೋಗುತ್ತದೆ. ಈ ಸಲ ಮೂರು ಥರ: ಯೂನಿಕೋಡ್ ಫೈಲ್, ನುಡಿ ಫೈಲ್, ಜೊತೆಗೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್. ಎಲ್ಲಾದರೂ ಅಕ್ಷರ ಕೆಟ್ಟರೆ ಪಿಡಿಎಫ್ ನೋಡಿ ಅಂತ ಪತ್ರದಲ್ಲಿ ಬರೆದಿದ್ದೇನೆ. ಪತ್ರದ ಕೊನೆಗೆ ಇನ್ನೊಂದು ಸಾಲು: "ಮಾತುಗಳು ಕಲಬುರಗಿ ಕಡೆಯವು. ದಯವಿಟ್ಟು ಹಾಗೇ ಇರಲಿ."

ಒಂದು ಪ್ರತಿ ಟಪಾಲಿನಲ್ಲೂ ಹಾಕುತ್ತೇನೆ. ರಿಜಿಸ್ಟರ್ ಪೋಸ್ಟ್ ಕೇಳಲು ಹೋಗಬೇಡಿ, 2025ರಲ್ಲೇ ಅದು ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ.

ಸಂಜೆ ಪರೀಕ್ಷೆಗೆ ಅಂತ ನುಡಿ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅದೇ ಡಿಟಿಪಿ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ತೆರೆದ. ನೇರ ಹನ್ನೊಂದನೇ ಪುಟಕ್ಕೆ ಹೋಗು ಅಂದೆ. ಅವನು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ, ಎಲ್ಲೂ ತಡೆಯಲಿಲ್ಲ. ಆಮೇಲೆ ಕೇಳಿದ, "ಅಣ್ಣಾ, ಯಾ ಊರ್ ಮುದುಕಿರಿ ಈಕಿ?"

ಮೂರು ಪ್ರತಿ ಪ್ರಿಂಟ್ ತೆಗೆಸಿದೆ. ಮೂರನೆಯದರಲ್ಲಿ ಒಂಬತ್ತನೇ ಪುಟ ಇರಲಿಲ್ಲ.