ಇನ್ನೂ ಮೂರು ಉಳಿದಿವೆ

ನವೆಂಬರ್ ಮೊದಲ ವಾರ. ನಮ್ಮ ನಾಯಿ ಕೆಂಚನ ವರ್ಷದ ತಪಾಸಣೆ. ಮನೆಯಿಂದ ಹೊರಡುವಾಗಲೇ ನಾನು ತೀರ್ಮಾನ ಮಾಡಿಕೊಂಡಿದ್ದೆ, ಈ ಸಲ ಹಾರ್ಟ್‌ವರ್ಮ್ ಟೆಸ್ಟ್ ಬೇಡ ಅಂತ ಹೇಳಿಬಿಡೋದು. ಸೊಳ್ಳೆ ಕಚ್ಚಿದಾಗ ನಾಯಿಯ ಮೈ ಸೇರಿ ಹೃದಯದ ಹತ್ತಿರ ಬೆಳೆಯುವ ಹುಳು ಅದು. ತಿಂಗಳು ತಿಂಗಳು ಮಾತ್ರೆ ಕೊಡ್ತಾನೇ ಇದ್ದೀವಿ. ಮಾತ್ರೆ ಕೊಡೋದೇ ಹುಳು ಬರದೇ ಇರಲಿ ಅಂತ. ಮತ್ತೆ ಹುಳು ಬಂದಿದೆಯಾ ಅಂತ ದುಡ್ಡು ಕೊಟ್ಟು ನೋಡೋದು ಯಾಕೆ? ಕೊಡೆ ಹಿಡಿದುಕೊಂಡೇ ಬಂದವಳ ತಲೆ ಮುಟ್ಟಿ "ಒದ್ದೆಯಾಗಿಲ್ಲ" ಅಂತ ಹೇಳೋದಕ್ಕೆ ಫೀಸು ತಗೊಂಡ ಹಾಗಾಯ್ತು.

ಮನೆಯ ಲೆಕ್ಕ ಬರೆಯೋದು ನಾನು. ಅದರಲ್ಲಿ ಕೆಂಚನಿಗೇ ಒಂದು ಪುಟ ಇದೆ. ಹೋದ ವರ್ಷದ ಬಿಲ್ಲು ಅದರಲ್ಲಿ ಅಂಟಿಸಿಟ್ಟಿದ್ದೆ. ಡಾಕ್ಟರ್ ಫೀಸು, ರೇಬೀಸ್ ಲಸಿಕೆ, ಕಿವಿ ಕ್ಲೀನಿಂಗ್, ಉಗುರು, ಟೆಸ್ಟ್, ಹನ್ನೆರಡು ಮಾತ್ರೆ. ಟೆಸ್ಟಿನ ಸಾಲು ಡಾಕ್ಟರ್ ಫೀಸಿಗಿಂತ ದೊಡ್ಡದು. ಹಿಂದಿನ ರಾತ್ರಿ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ.

ಈ ಟೆಸ್ಟಿನ ಮೇಲೆ ನನಗೆ ಹಳೇ ಸಿಟ್ಟೂ ಇತ್ತು. ಕೆಂಚ ನಾಲ್ಕು ತಿಂಗಳ ಮರಿಯಾಗಿದ್ದಾಗ ಬೇರೊಂದು ಕ್ಲಿನಿಕ್ಕಿನಲ್ಲಿ ಇದೇ ಟೆಸ್ಟ್ ಮಾಡಿ ಬಿಲ್ಲಿಗೆ ಸೇರಿಸಿದ್ದರು. ಅದು ಸುಮ್ನೆ ಹೋದ ದುಡ್ಡು ಅಂತ ಆಮೇಲೆ ಗೊತ್ತಾಯಿತು. ಟೆಸ್ಟ್ ಹಿಡಿಯೋದು ಬೆಳೆದ ಹೆಣ್ಣು ಹುಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನನ್ನು. ಸೊಳ್ಳೆ ಕಚ್ಚಿದ ದಿನದಿಂದ ಹುಳು ಅಷ್ಟು ಬೆಳೆಯೋಕೆ ಸುಮಾರು ಆರು ತಿಂಗಳು ಬೇಕು. ನಾಯಿಗೇ ನಾಲ್ಕು ತಿಂಗಳಾಗಿರುವಾಗ ಆ ಟೆಸ್ಟಿಗೆ ಸಿಗೋದು ಏನು? ಏಳು ತಿಂಗಳೊಳಗಿನ ಮರಿಗೆ ಟೆಸ್ಟ್ ಇಲ್ಲದೆಯೇ ಮಾತ್ರೆ ಶುರು ಮಾಡಬಹುದು. ಅಲ್ಲಿಂದ ನನಗೆ ಪ್ರತಿ ಬಿಲ್ಲಿನಲ್ಲೂ ಅನುಮಾನ.

ಕ್ಲಿನಿಕ್ಕಿನಲ್ಲಿ ನಮಗಿಂತ ಮೊದಲು ಇಬ್ಬರಿದ್ದರು. ಅವರಲ್ಲಿ ಒಬ್ಬರು ದೊಡ್ಡ ನಾಯಿಯೊಂದನ್ನು ಮಗುವಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡಿದ್ದರು. ಮೂವತ್ತು ಕಿಲೋ ಆದರೂ ಇದ್ದಿರಬೇಕು. ಅವರ ಕಾಲು ಜೋಮು ಹಿಡಿದಿತ್ತೋ ಏನೋ, ಆಗಾಗ ಪಾದ ಅಲ್ಲಾಡಿಸುತ್ತಿದ್ದರು. ನಾಯಿಯ ಸೊಂಟದ ಹತ್ತಿರ ಅಂಗೈಯಗಲ ಕೂದಲು ಬೋಳಿಸಿತ್ತು, ಚರ್ಮ ಸ್ವಲ್ಪ ಊದಿಕೊಂಡಿತ್ತು. ಕೆಂಚ ಮೂಸಲು ಹೋದ.

"ಸ್ವಲ್ಪ ಆ ಕಡೆ ಹಿಡ್ಕೊಳ್ಳಿ ಮೇಡಂ, ಇವನು ಎದ್ದು ಕುಣಿಯೋ ಹಾಗಿಲ್ಲ" ಅಂದರು.

ಏನಾಗಿದೆ ಅಂತ ಕೇಳಿದೆ. ಹಾರ್ಟ್‌ವರ್ಮ್. ಮೊದಲು ಒಂದು ತಿಂಗಳು ಡಾಕ್ಸಿಸೈಕ್ಲಿನ್ ಕೊಟ್ಟಿದ್ದರಂತೆ. ಆ ಹುಳುವಿನ ಮೈಯೊಳಗೇ ಒಂದು ಬ್ಯಾಕ್ಟೀರಿಯಾ ಸಂಸಾರ ಮಾಡಿಕೊಂಡಿರುತ್ತದೆ, ಮೊದಲು ಅದನ್ನು ಸಾಯಿಸಬೇಕು. ಆಮೇಲೆ ಸೊಂಟದ ಮಾಂಸದ ಆಳಕ್ಕೆ ಒಂದು ಇಂಜೆಕ್ಷನ್. ತಿಂಗಳು ಬಿಟ್ಟು ಒಂದರ ಹಿಂದೆ ಒಂದು ದಿನದಂತೆ ಇನ್ನೆರಡು. ಅವತ್ತು ಮೂರನೆಯದು. ಔಷಧಿ ಆರ್ಸೆನಿಕ್‌ನಿಂದ ಮಾಡಿದ್ದು. ಸತ್ತ ಹುಳು ಹೊರಗೆ ಬರೋದಿಲ್ಲ, ಚೂರು ಚೂರಾಗಿ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಅಲ್ಲೇ ಕರಗಬೇಕು. ಆ ಹೊತ್ತಿನಲ್ಲಿ ನಾಯಿ ಓಡಿದರೆ ಚೂರುಗಳು ಸಿಕ್ಕಿಹಾಕಿಕೊಂಡು ಜೀವಕ್ಕೇ ಕುತ್ತು. ಅದಕ್ಕೇ ಮೆಟ್ಟಿಲು ಹತ್ತಿಸೋ ಹಾಗಿಲ್ಲ, ಆಟ ಇಲ್ಲ, ಕಾಲಿಂಗ್ ಬೆಲ್ ಕೂಡ ತೆಗೆದುಬಿಟ್ಟಿದ್ದಾರಂತೆ.

"ಖರ್ಚು?" ಅಂತ ಕೇಳಬಾರದಿತ್ತು, ಕೇಳಿದೆ. ಅವರು ಒಂದು ಮೊತ್ತ ಹೇಳಿದರು. ನನ್ನ ಪುಸ್ತಕದಲ್ಲಿ ಕೆಂಚನ ಪುಟ ಪೂರ್ತಿ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಪಾಪ ಅನ್ನಿಸಿತು. ಆದರೆ ಒಳಗೊಳಗೇ, ಇವರು ಮಾತ್ರೆ ಕೊಟ್ಟಿರಲಿಕ್ಕಿಲ್ಲ, ನಾವು ಕೊಡ್ತೀವಲ್ಲ ಅಂದುಕೊಂಡೆ.

ನಮ್ಮ ಸರದಿ ಬಂತು. ತೂಕದ ಯಂತ್ರದ ಮೇಲೆ ನಿಲ್ಲಲು ಕೆಂಚನಿಗೆ ಯಾವಾಗಲೂ ನಾಚಿಕೆ. ಮೂರು ಕಾಲು ಇಟ್ಟು ನಾಲ್ಕನೆಯದನ್ನು ನೆಲದ ಮೇಲೇ ಬಿಡುತ್ತಾನೆ. ಎತ್ತಿ ಇಟ್ಟಾಗ 23.6 ಕಿಲೋ. ಡಾಕ್ಟರ್ ಹಲ್ಲು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೊಟ್ಟೆ ಒತ್ತಿದರು. ಎಲ್ಲಾ ಚೆನ್ನಾಗಿದೆ ಅಂದರು. ನಾನು ಪೀಠಿಕೆ ಹಾಕಿದೆ.

"ಡಾಕ್ಟ್ರೇ, ಈ ಸಲ ಟೆಸ್ಟ್ ಬೇಡ ಅಂತ. ಮಾತ್ರೆ ಒಂದು ತಿಂಗಳೂ ತಪ್ಪಿಸಿಲ್ಲ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೀವಿ."

"ಒಳ್ಳೇದಾಯ್ತು. ಮುಂದಿನ ವರ್ಷಕ್ಕೆ ಮಾತ್ರೆ ಬರೀಲಾ?"

"ಈಗಲೇ ಬೇಡ. ಮನೇಲಿ ಇನ್ನೂ ಮೂರು ಉಳಿದಿವೆ."

ಹೆಮ್ಮೆಯಿಂದಲೇ ಹೇಳಿದೆ. ಅವರು ಕಂಪ್ಯೂಟರ್ ಕಡೆ ತಿರುಗಿ ಏನೋ ನೋಡಿದರು. "ಹೋದ ವರ್ಷ ನವೆಂಬರ್‌ನಲ್ಲಿ ಹನ್ನೆರಡು ತಗೊಂಡಿದ್ರಿ, ಅಲ್ವಾ?"

ಹನ್ನೆರಡು ತಿಂಗಳು, ಹನ್ನೆರಡು ಮಾತ್ರೆ, ಉಳಿದದ್ದು ಮೂರು. ಇಪ್ಪತ್ತು ವರ್ಷದಿಂದ ಮನೆಯ ಲೆಕ್ಕ ಬರೆಯುವವಳಿಗೆ ಇದು ಹೊಳೆದಿರಲಿಲ್ಲ ಅಂದರೆ ಯಾರೂ ನಂಬೋದಿಲ್ಲ. ಉಳಿತಾಯ ಅಂತ ಖುಷಿಪಟ್ಟಿದ್ದೆ, ಅಷ್ಟೇ.

ಅಲ್ಲೇ ನಿಂತು ಮನೆಗೆ ಫೋನ್ ಮಾಡಿದೆ. "ಏನ್ರೀ, ಕ್ಯಾಲೆಂಡರ್ ನೋಡಿ ಹೇಳಿ. ಫೆಬ್ರವರಿಯಲ್ಲಿ ಮಾತ್ರೆ ಕೊಟ್ರಾ?"

"ಗುರುತು ಇದೆಯಲ್ಲ. ಕೊಟ್ಟೆ."

"ಯಾವ ಮಾತ್ರೆ?"

"ಹುಳು ಮಾತ್ರೆ. ನೀನೇ ಬರ್ದಿದೀಯಲ್ಲ."

ಎಲ್ಲಾ ಅಲ್ಲೇ ಆಗಿತ್ತು. ಪ್ರತಿ ತಿಂಗಳ 5ನೇ ತಾರೀಖಿನ ಚೌಕದಲ್ಲಿ ನಾನು "ಹುಳು ಮಾತ್ರೆ" ಅಂತ ಬರೆದಿದ್ದೆ. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆಯನ್ನೂ ಕಪಾಟಿನಲ್ಲಿ ತೆಗೆದಿಡುತ್ತಿದ್ದೆ. ಫೆಬ್ರವರಿ, ಮೇ, ಆಗಸ್ಟ್‌ನಲ್ಲಿ ಇವರು ಅದನ್ನು ಕೊಟ್ಟು, ಗುರುತು ಹಾಕಿ, "ಒಂದು ಹುಳುವಿಗೆ ಎರಡೆರಡು ಮಾತ್ರೆ ಯಾಕೆ, ಪಾಪ" ಅಂತ ಇನ್ನೊಂದನ್ನು ಡಬ್ಬಿಯಲ್ಲೇ ಬಿಟ್ಟಿದ್ದಾರೆ. ಒಂದು ಕರುಳಿನ ಹುಳು, ಇನ್ನೊಂದು ಹೃದಯದ್ದು. ಕರುಳಿನ ಮಾತ್ರೆ ಹೃದಯದ ಹುಳುವಿನ ಮರಿಯನ್ನು ಮುಟ್ಟೋದೂ ಇಲ್ಲ. ಬೈಯೋಣ ಅಂದರೆ ಬರೆದವಳು ನಾನೇ.

ಡಾಕ್ಟರ್ ಚೀಟಿಯ ಹಿಂದೆ ಒಂದು ಗೆರೆ ಎಳೆದು ತಿಂಗಳುಗಳನ್ನು ಬರೆದರು. ಈ ಮಾತ್ರೆ ಮುಂದಿನ ತಿಂಗಳನ್ನು ಕಾಯೋದಿಲ್ಲವಂತೆ, ಹಿಂದಿನ ತಿಂಗಳನ್ನು ಗುಡಿಸುತ್ತದಂತೆ. ಇಷ್ಟು ವರ್ಷ ನಾನು ಉಲ್ಟಾ ತಿಳಿದುಕೊಂಡಿದ್ದೆ. ಕಳೆದ ಮೂವತ್ತು ದಿನದಲ್ಲಿ ಸೊಳ್ಳೆ ಬಿಟ್ಟು ಹೋದ ಮರಿಹುಳುಗಳನ್ನು ಅದು ಸಾಯಿಸುತ್ತದೆ. ಆ ಮರಿಗಳು ಸುಮಾರು 50ರಿಂದ 70 ದಿನದಲ್ಲಿ ಕೊನೆಯ ಸಲ ಪೊರೆ ಬಿಟ್ಟು ಎಳೆಯ ಹುಳುಗಳಾಗುತ್ತವೆ. ಆಮೇಲೆ ಮಾತ್ರೆಗೆ ಅವು ಜಗ್ಗೋದಿಲ್ಲ. ನಿಧಾನಕ್ಕೆ ಶ್ವಾಸಕೋಶದ ರಕ್ತನಾಳಕ್ಕೂ ಹೃದಯಕ್ಕೂ ಹೋಗಿ ಸೇರಿಕೊಳ್ಳುತ್ತವೆ. ಹೆಣ್ಣು ಹುಳು ಒಂದಡಿಯ ಹತ್ತಿರ ಬೆಳೆಯುತ್ತದೆ, ಐದರಿಂದ ಏಳು ವರ್ಷ ಬದುಕುತ್ತದೆ.

"ಜನವರಿ 5 ಆದ್ಮೇಲೆ ಮಾರ್ಚ್ 5. 59 ದಿನ" ಅಂದರು. "ಏಪ್ರಿಲ್‌ನಿಂದ ಜೂನ್‌ಗೆ 61. ಜುಲೈಯಿಂದ ಸೆಪ್ಟೆಂಬರ್‌ಗೆ 62. ಇಷ್ಟಕ್ಕೇ ಹುಳು ಬಂದುಬಿಟ್ಟಿದೆ ಅಂತ ನಾನು ಹೇಳಲ್ಲ. ಬಂದಿಲ್ಲ ಅಂತಾನೂ ಹೇಳಲಾರೆ."

ಪೆನ್ಸಿಲ್ ಗೆರೆಯ ಮಾತೇ ಎತ್ತಲಿಲ್ಲ ನಾನು. ಮುಂಗಾಲಿನಿಂದ ಸ್ವಲ್ಪ ರಕ್ತ ತೆಗೆದರು. ಕೋವಿಡ್ ಕಿಟ್ ಇತ್ತಲ್ಲ, ಹಾಗೇ ಒಂದು ಪ್ಲಾಸ್ಟಿಕ್ ಪಟ್ಟಿ. ಮೂರು ಹನಿ ಹಾಕಿ ಹತ್ತು ನಿಮಿಷ ಕಾಯಬೇಕು. ಕೆಂಚ ಮೇಜಿನ ಕೆಳಗೆ ಮಲಗಿ ಡಾಕ್ಟರ ಶೂ ಲೇಸ್ ನೆಕ್ಕುತ್ತಿದ್ದ. ಆ ಹತ್ತು ನಿಮಿಷದಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಿದೆ.

ಮಾತ್ರೆ ನಿಜವಾಗಿಯೂ ಒಂದು ತಿಂಗಳೂ ತಪ್ಪದೆ ಕೊಟ್ಟವರಿಗೂ ವರ್ಷ ವರ್ಷ ಟೆಸ್ಟ್ ಬೇಕಾ? ಅವರು ನೇರವಾಗಿಯೇ ಹೇಳಿದರು. ಮರಿಯಿಂದ ಶುರು ಮಾಡಿ ಒಂದೂ ತಪ್ಪಿಸದವರ ನಾಯಿಗೆ ಹುಳು ಸಿಗೋದು ಅಪರೂಪ. ಆದರೆ ತಪ್ಪಿಸಿಲ್ಲ ಅನ್ನೋರಲ್ಲಿ ಅರ್ಧ ಜನ ನನ್ನ ಹಾಗೆಯೇ ಅಂತೆ. ನಾಯಿ ಮಾತ್ರೆಯನ್ನು ದವಡೆಯಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತದೆ. ಹುಲ್ಲು ತಿಂದು ವಾಂತಿ ಮಾಡುತ್ತದೆ. ಮರಿ ಬೆಳೆದು ತೂಕ ಏರಿರುತ್ತದೆ, ಮಾತ್ರೆ ಹಳೇ ತೂಕದ್ದೇ ಆಗಿರುತ್ತದೆ. ಇನ್ನು ಯಾವ ಔಷಧಿಯೂ ನೂರಕ್ಕೆ ನೂರಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಕೆಳದಂಡೆಯಲ್ಲಿ ಈ ಔಷಧಿಗೆ ಬಗ್ಗದ ಹುಳುಗಳೇ ಸಿಕ್ಕಿವೆ. ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ ವರ್ಷಕ್ಕೊಮ್ಮೆ ನೋಡಿ ಅನ್ನೋದಕ್ಕೆ ಇದೆಲ್ಲಾ ಕಾರಣ. ಶುರುವಿನಲ್ಲಿ ನಾಯಿ ಕೆಮ್ಮೋದೂ ಇಲ್ಲ, ಸುಸ್ತಾಗೋದೂ ಇಲ್ಲ. ಗೊತ್ತಾಗೋ ಹೊತ್ತಿಗೆ ಹೊರಗೆ ಕೂತಿದ್ದವರ ಸ್ಥಿತಿ.

ಅವರು ಡಾಕ್ಟರಾದ ಹೊಸತರಲ್ಲಿ ದಿನಕ್ಕೊಂದು ಮಾತ್ರೆ ಇತ್ತಂತೆ. ಆನೆಕಾಲು ರೋಗಕ್ಕೆ ಮನುಷ್ಯರಿಗೆ ಕೊಡುವ ಡಿಇಸಿಯನ್ನೇ ನಾಯಿಗೂ ಕೊಡುತ್ತಿದ್ದರು. ರಕ್ತದಲ್ಲಿ ಆಗಲೇ ಮರಿಹುಳು ಓಡಾಡುತ್ತಿರುವ ನಾಯಿಗೆ ಅದನ್ನು ಕೊಟ್ಟರೆ ನಾಯಿ ಶಾಕ್‌ಗೆ ಹೋಗಬಹುದಿತ್ತು. ಹಾಗಾಗಿ ಟೆಸ್ಟ್ ಇಲ್ಲದೆ ಮಾತ್ರೆ ಮುಟ್ಟುವ ಹಾಗೇ ಇರಲಿಲ್ಲ. ತಿಂಗಳಿಗೊಂದು ಸಾಕು ಅನ್ನುವ ಐವರ್‌ಮೆಕ್ಟಿನ್ ನಾಯಿಗಳಿಗೆ ಅಂತ ಅಮೆರಿಕದಲ್ಲಿ ಬಂದದ್ದು 1987ರಲ್ಲಿ. ಅದರ ಮೂಲ ಜಪಾನಿನ ಒಂದು ಹಿಡಿ ಮಣ್ಣು, ಅದನ್ನು ಹುಡುಕಿದವರಿಗೆ 2015ರಲ್ಲಿ ನೊಬೆಲ್ ಬಂತು. ದಿನಾ ಕೊಡೋದಾಗಿದ್ದರೆ ನಮ್ಮ ಮನೆಯಲ್ಲಿ ಏನೇನಾಗುತ್ತಿತ್ತೋ!

ಪಟ್ಟಿಯಲ್ಲಿ ಒಂದೇ ಗೆರೆ ಮೂಡಿತ್ತು. ಹುಳು ಇಲ್ಲ.

ನಾನು ಉಸಿರು ಬಿಡುವಷ್ಟರಲ್ಲಿ ಅವರು ಚೀಟಿಯ ಗೆರೆಯ ಮೇಲೆ ಜುಲೈ ಹತ್ತಿರ ಒಂದು ಚುಕ್ಕಿ ಇಟ್ಟರು. "ಜನವರಿ, ಏಪ್ರಿಲ್‌ನಲ್ಲಿ ಹೊಕ್ಕಿದ್ರೆ ಇವತ್ತು ಗೊತ್ತಾಗ್ತಿತ್ತು. ಜುಲೈದಕ್ಕೆ ಇನ್ನೂ ನಾಲ್ಕೇ ತಿಂಗಳು. ಇವತ್ತಿನ ಟೆಸ್ಟ್ ಅದನ್ನ ಹೇಳಲ್ಲ. ಇವತ್ತಿಂದ ಮಾತ್ರೆ ಸರಿಯಾಗಿ ಕೊಡಿ, ಆರು ತಿಂಗಳಿಗೆ ಬನ್ನಿ."

ಒಂದು ಟೆಸ್ಟ್ ಬೇಡ ಅನ್ನೋಕೆ ಹೋದವಳು ಎರಡಕ್ಕೆ ಒಪ್ಪಿ ಬಂದೆ. ಸಾಲದು ಅಂತ ಇನ್ನೊಂದು. ನಮ್ಮ ಡಬ್ಬಿಯ ಮಾತ್ರೆ 22 ಕಿಲೋವರೆಗಿನದು, ಕೆಂಚ ಅದನ್ನು ದಾಟಿದ್ದಾನೆ. ಉಳಿಸಿದ ಆ ಮೂರೂ ಈಗ ಪ್ರಯೋಜನವಿಲ್ಲ. ದೊಡ್ಡದನ್ನು ಕೊಳ್ಳಬೇಕು.

ಹಾಗಂತ ಚೌಕಾಶಿ ಮಾಡದೆ ಬರಲಿಲ್ಲ. ಕಿವಿ ಕ್ಲೀನಿಂಗ್ ತೆಗೆಸಿದೆ, ಹತ್ತಿ ಹಿಡಿದು ಒರೆಸೋದನ್ನು ನಾನೇ ಮಾಡುತ್ತೇನೆ. ಉಗುರನ್ನೂ ತೆಗೆಸಿದೆ. ಉಣ್ಣಿ ಕಚ್ಚಿ ಬರುವ ಜ್ವರಗಳನ್ನೂ ಸೇರಿಸಿದ ದೊಡ್ಡ ಟೆಸ್ಟ್ ಒಂದಿತ್ತು. ಮೈಮೇಲೆ ಉಣ್ಣಿ ಕಂಡಿಲ್ಲ, ಜ್ವರ ಇಲ್ಲ, ಇದೊಂದೇ ಸಾಕಾ ಅಂತ ಮೊದಲೇ ಕೇಳಿದ್ದಕ್ಕೆ ಸಾಕು ಅಂದಿದ್ದರು. ಆರು ತಿಂಗಳ ಟೆಸ್ಟನ್ನು ಹೇಗೂ ಬರುವ ಇನ್ನೊಂದು ಲಸಿಕೆಯ ದಿನವೇ ಇಟ್ಟುಕೊಂಡೆವು, ಡಾಕ್ಟರ್ ಫೀಸು ಒಂದೇ ಸಲ. ಮರೆಯುವವರಿಗೆ ಅಂತ ಆರು ತಿಂಗಳಿಗೋ ವರ್ಷಕ್ಕೋ ಒಂದೇ ಇಂಜೆಕ್ಷನ್ ಕೂಡ ಇದೆ. ಒಟ್ಟಿಗೆ ಅಷ್ಟು ದುಡ್ಡು ಕೊಡಲು ಮನಸ್ಸಾಗಲಿಲ್ಲ. ಮತ್ತೆ ತಪ್ಪಿದರೆ ಅದೇ ಗತಿ ಅಂತ ಇವರಿಗೆ ಹೇಳಿದ್ದೇನೆ.

ಮನೆಗೆ ಬಂದು ಕ್ಯಾಲೆಂಡರ್ ತಿದ್ದಿದೆ. 5ನೇ ತಾರೀಖಿಗೆ "ಸೊಳ್ಳೆ ಮಾತ್ರೆ", ಮೂರು ತಿಂಗಳಿಗೊಮ್ಮೆ 20ಕ್ಕೆ "ಜಂತು". ಗುರುತು ಹಾಕುವ ಮೊದಲು ಕೆಂಚನ ಬಾಯಿ ತೆರೆದು ನಾಲಿಗೆಯ ಕೆಳಗೆ ನೋಡಬೇಕು ಅಂತ ನಿಯಮ. ಇವರು ಸ್ಕೂಲ್ ಹುಡುಗನ ಹಾಗೆ ತಲೆಯಾಡಿಸಿದರು. ಆ ಆರು ತಿಂಗಳು ಕೆಂಚ ಒಂದು ಸಲ ಕೆಮ್ಮಿದರೂ ಇಬ್ಬರೂ ಎದ್ದು ಕೂರುತ್ತಿದ್ದೆವು. ಬೆಳಿಗ್ಗೆ ಸಂಜೆ ವಾಕಿಂಗ್ ಬೇರೆ ಜಾಸ್ತಿ ಮಾಡಿದ್ದೆವು, ಸುಸ್ತಾಗ್ತಾನಾ ನೋಡೋಣ ಅಂತ. ಅವನಿಗೆ ಹಬ್ಬ, ಸುಸ್ತಾದದ್ದು ನಾವು.

ಮೇ ತಿಂಗಳಲ್ಲಿ ಮತ್ತೆ ಅದೇ ಮೇಜು, ಅದೇ ಪಟ್ಟಿ. ಹತ್ತು ನಿಮಿಷ ಇಬ್ಬರೂ ಅದನ್ನೇ ನೋಡುತ್ತಾ ನಿಂತಿದ್ದೆವು. ಒಂದೇ ಗೆರೆ. ಇವರು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

ಹೊರಡುವ ಮೊದಲು ಕೆಂಚನನ್ನು ತೂಕದ ಮೇಲೆ ನಿಲ್ಲಿಸಿದರು. ಈ ಸಲ ನಾಲ್ಕೂ ಕಾಲು ತಾನೇ ಇಟ್ಟ. 21.4 ಕಿಲೋ.

"ಡಾಕ್ಟ್ರೇ, ಮನೇಲಿ ಆ ಹಳೇ ಮಾತ್ರೆ ಮೂರು ಉಳಿದಿವೆ. ಈಗ ಕೊಡಬಹುದಲ್ವಾ?"

ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಅವರು ತಿರುಗಿಸಿ ಎಕ್ಸ್‌ಪೈರಿ ನೋಡಿದರು. ಇನ್ನೂ ಐದು ತಿಂಗಳಿತ್ತು.