ಗೆಸ್ಟ್ ಆಗಿ ಕುಂತ ಆ ಒಂದು ರಾತ್ರಿ

ಹುಬ್ಬಳ್ಳ್ಯಾಗ ಒಂದು ಕ್ಲಬ್ಬಿನ ಬಾರ್ ಕೌಂಟರ್ ಹಿಂದ ನಿಂತು ನನಗ 11 ವರ್ಷ ಆತು. ನಮ್ಮದು ಸಿಎಲ್-4 ಲೈಸೆನ್ಸು, ಕ್ಲಬ್ಬಿಗೆ ಅಂತನ ಕೊಡೂದು, ರಸ್ತೆ ಮ್ಯಾಲಿನ ಸಿಎಲ್-9 ಬಾರಿನಂಗ ಯಾರ ಬೇಕಾದ್ರೂ ಒಳಗ ಬಂದು ಕುಂದ್ರಾಕ ಬರಂಗಿಲ್ಲ. ಮೆಂಬರ್ ಇರಬೇಕು ಇಲ್ಲಾ ಮೆಂಬರ್ ಕರ್ಕೊಂಡು ಬಂದ ಗೆಸ್ಟ್ ಇರಬೇಕು, ಗೆಸ್ಟ್ ಹೆಸರು ರಿಜಿಸ್ಟರಿನ್ಯಾಗ ಬರೀಬೇಕು, ಬಿಲ್ಲಿಗೆ ಮೆಂಬರ ಸಹಿ ಮಾಡಬೇಕು, ತಿಂಗಳಾ ಕೊನಿಗೆ ಅವರ ಅಕೌಂಟಿಗೆ ಹೋಗ್ತದ. ಕ್ಯಾಶ್ ಮುಟ್ಟಂಗಿಲ್ಲ. ಈ ರೂಲ್ಸ್ ನನಗ ನಿದ್ದ್ಯಾಗ ಕೇಳಿದ್ರೂ ಹೇಳ್ತೇನಿ.

ಎರಡು ವರ್ಷದ ಹಿಂದ, ಶ್ರಾವಣ ಮುಗದ ಮರುವಾರ, ಹಾಲ್ ತುಂಬಿತ್ತು (ಶ್ರಾವಣದಾಗ ನಮ್ಮ ಕಡೆ ಭಾಳ ಮಂದಿ ಬಿಡ್ತಾರ, ಮುಗದ ಮ್ಯಾಲೆ ಎಲ್ಲಾರೂ ಒಮ್ಮೆಲೇ ಬರ್ತಾರ). ಒಬ್ಬ ಮೆಂಬರ್ ಸಾಹೇಬ್ರ ಕೂಡ ಗದಗಿನ ಕಡಿಂದ ರಿಟೈರ್ಡ್ ಮಾಸ್ತರ್ ಒಬ್ರು ಬಂದಿದ್ರು, ಹಳೇ ಗೆಳ್ಯಾರು. 30 ಎಂಎಲ್ ರಮ್ಮು, ಲೈಮ್ ಸೋಡಾ, ಒಂದು ಪ್ಲೇಟ್ ಶೇಂಗಾ ಮಸಾಲಾ, ಅಷ್ಟ. ಸಾಹೇಬ್ರು ಫೋನ್ ಬಂತಂತ ಹೊರಗ ಹೋದಾಗ ಮಾಸ್ತರ್ ಎದ್ದು ಕೌಂಟರಿಗೆ ಬಂದು ಐದನೂರರ ನೋಟು ಎರಡು ಚಾಚಿ, "ತಗೋ ತಮ್ಮಾ, ಪ್ರತೀ ಸಲ ಅಂವನ ಕೊಡ್ತಾನ, ಈ ಸಲ ನಂದಿರ್ಲಿ" ಅಂದ್ರು. ಗದ್ದಲದಾಗ ಕೇಳ್ಸಲಿ ಅಂತ ನಾ ಜೋರಾಗೇ ಹೇಳಿದೆ, "ಗೆಸ್ಟ್ ರೊಕ್ಕ ಕೊಡಾಕ ಬರಂಗಿಲ್ರೀ ಇಲ್ಲಿ, ಮೆಂಬರ್ ಅಷ್ಟ." ಬಾಜೂ ಟೇಬಲ್ಲಿನ ನಾಕೂ ಮಂದಿ ಹೊಳ್ಳಿ ನೋಡಿದ್ರು. ಮಾಸ್ತರ್ ನೋಟು ಮಡಚಿ ಕಿಸೇದಾಗ ಇಟ್ಕೊಂಡು ಹೋಗಿ ಕುಂತ್ರು, ಗ್ಲಾಸಿನ್ಯಾಗ ಅರ್ಧ ಉಳದಿತ್ತು, ಅದನ್ನ ಮುಟ್ಟಲಿಲ್ಲ. ಆವತ್ತು ನನಗ ತಪ್ಪು ಮಾಡೇನಿ ಅಂತ ಅನಸಲೇ ಇಲ್ಲ. ರೂಲ್ಸ್ ಇದ್ದದ್ದ ಹೇಳೇನಲಾ ಅನ್ಕೊಂಡೆ.

ಹೋದ ಚಳಿಗಾಲದಾಗ ನಮ್ಮ ಒಬ್ಬ ಹಿರೇ ಮೆಂಬರಿನ ಮಗ ಬೆಂಗಳೂರಾಗ ಒಂದು ಮೆಂಬರ್ಸ್ ಓನ್ಲಿ ಕಾಕ್‌ಟೇಲ್ ಬಾರಿಗೆ ಕರ್ಕೊಂಡು ಹೋದ. "ಅಣ್ಣಾ, ಇಷ್ಟು ವರ್ಷ ನೀವು ಮಂದಿಗೆ ಕೊಟ್ಟೀರಿ, ಒಂದು ರಾತ್ರಿ ನೀವೂ ಕುಂದ್ರ್ರಿ" ಅಂದ. ಹೊರಗ ಬೋರ್ಡಿಲ್ಲ, ಬೆಲ್ ಒತ್ತಿದ ಮ್ಯಾಲೆ ಅವನ ಹೆಸರು ಕೇಳಿ ಬಾಗಲಾ ತಗದ್ರು. ಒಳಗ ಕಾಲಿಟ್ಟ ಕೂಡ್ಲೆ ನನ್ನ ಕೈ ಎಲ್ಲಿಡಬೇಕು ಅಂತ ತಿಳೀಲಿಲ್ಲ. ಮೆನೂ ಓದಿದೆ, ಅರ್ಧ ಹೆಸರು ನಾ ಕೇಳಿದ್ದಲ್ಲ, ರೇಟು ನೋಡಿ ಎದಿ ಧಸಕ್ಕಂತು, ಯಾಕಂದ್ರ ಕೊಡಾಂವ ಆ ಹುಡುಗ, ನಾ ಅಲ್ಲ. ನೀರು ಬೇಕಿತ್ತು, ಕೇಳಾಕ ಸಂಕೋಚ. 11 ವರ್ಷ ಬಾರಿನ್ಯಾಗ ದುಡದಾಂವ ನಾನು, ನನಗ ಹಿಂಗಾದ್ರ ನಮ್ಮಲ್ಲಿಗೆ ಮೊದಲ ಸಲ ಬರೂ ಗೆಸ್ಟಿಗೆ ಹೆಂಗಾಗ್ತಿರಬೇಕು ಅಂತ ಅಲ್ಲಿ ಕುಂತಾಗ ಹೊಳೀತು.

ಕೌಂಟರಿನ ಹುಡುಗ ಕೇಳೂಕಿಂತ ಮೊದ್ಲ ನೀರು ತಂದಿಟ್ಟ. ಆಮೇಲೆ "ಸರ್, ಹುಳಿ ಇಷ್ಟನಾ, ಕಹಿ ಇಷ್ಟನಾ?" ಅಂತ ಕೇಳಿದ. ಹುಳಿ ಅಂದೆ. ಡೈಕ್ವಿರಿ ಮಾಡಿದ, ಕ್ಯೂಬಾದ ಸ್ಯಾಂಟಿಯಾಗೋ ಹತ್ರದ ಒಂದು ಊರಿನ ಹೆಸರಂತ ಅದು. ಬಿಳೇ ರಮ್ಮು, ನಿಂಬಿಹಣ್ಣಿನ ರಸ, ಸಕ್ಕರಿ, ಮೂರ ಸಾಮಾನು, ಒಂದು ಹೆಚ್ಚುಕಡಿಮಿ ಆದ್ರೂ ನಾಲಿಗಿಗೆ ಗೊತ್ತಾಗಿಬಿಡ್ತದ. ರಮ್ಮು 60 ಎಂಎಲ್ ಜಿಗ್ಗರಿನ್ಯಾಗ (ಅಳತಿ ಕಪ್ಪು) ಅಳದು ಹಾಕಿದ, ಅಂದಾಜಿಲ್ಲ. ನಿಂಬಿಹಣ್ಣು ನನ್ನ ಮುಂದ ಹಿಂಡಿದ. ಐಸ್ ಗಟ್ಟಿ, ಒಣಾ, ದೊಡ್ಡ ತುಂಡು. ನಮ್ಮಲ್ಲಿ ಬಕೆಟಿನ್ಯಾಗ ಅರ್ಧ ಕರಗಿ ನೀರು ಬಿಟ್ಟ ಐಸ್ ಹಾಕ್ತಿದ್ವಿ, ಅದನ್ನ ಶೇಕರಿಗೆ ಹಾಕಿದ್ರ ಡ್ರಿಂಕ್ ತಣ್ಣಗಾಗೂದ್ರೊಳಗ ತೆಳ್ಳಗಾಗಿರ್ತದ. ಕರಗಿದ ನೀರೂ ಡ್ರಿಂಕಿನ ಒಂದು ಭಾಗನ, ಆದ್ರ ಅದಕ್ಕೂ ಲೆಕ್ಕ ಐತಿ, ಅಂವ ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಅಲ್ಲಾಡಿಸಿ ನಿಲ್ಲಿಸಿಬಿಟ್ಟ. ನಾನೂ ಇದ ಕೆಲಸದಾಂವ ಅಂತ ತಿಳದ ಮ್ಯಾಲೆ ಮಾತು ಬೆಳೀತು. ನ್ಯೂಯಾರ್ಕಿನ್ಯಾಗ 1999ರ ಡಿಸೆಂಬರ್ 31ಕ್ಕ ಸಾಶಾ ಪೆಟ್ರಾಸ್ಕಿ ಅನ್ನಾಂವ ಮಿಲ್ಕ್ ಆ್ಯಂಡ್ ಹನಿ ಅಂತ ಸಣ್ಣ ಬಾರ್ ತಗದಿದ್ನಂತ, ಬೋರ್ಡಿಲ್ಲ, ಫೋನ್ ನಂಬರ್ ಗೊತ್ತಿದ್ದವ್ರಿಗಷ್ಟ. ಗುರ್ತಿಲ್ಲದ ಹೆಣ್ಮಕ್ಕಳನ್ನ ಗಂಡಸ್ರು ತಾವಾಗೇ ಹೋಗಿ ಮಾತಾಡಿಸಬಾರದು ಅಂತ ಅಲ್ಲಿ ರೂಲ್ಸ್ ಬರದು ಹಾಕಿದ್ರಂತ. ಒಳಗ ಕುಂತವ್ರು ನಿರಾಳಾಗಿ ಇರ್ಲಿ ಅಂತ ಮಾಡಿದ ರೂಲ್ಸು ಅದು. ನಾ ಇಷ್ಟು ವರ್ಷ ರೂಲ್ಸ್ ಅಂದ್ರ ಬರೇ ಲೈಸೆನ್ಸು, ಆಡಿಟ್ಟು ಅಂತ ತಿಳ್ಕೊಂಡಿದ್ದೆ.

ಕಡೀಕ ನನ್ನ ಕರ್ಕೊಂಡು ಬಂದ ಹುಡುಗ ಬಾತ್‌ರೂಮಿಗೆ ಹೋದಾಗ ನಾ ಮೆಲ್ಲಕ ಪಾಕೀಟು ತಗದೆ. ತಗದ ಕೂಡ್ಲೆ ಮಾಸ್ತರ್ ನೆನಪಾದ್ರು, ಅದ ಕೈ, ಅದ ಹೊತ್ತು. ಬಾರ್‌ಟೆಂಡರ್ ಕೌಂಟರಿಗೆ ಬಗ್ಗಿ ನನಗಷ್ಟ ಕೇಳೂವಂಗ ಹೇಳಿದ, "ಸರ್, ಇಲ್ಲಿ ಯಾರ ದುಡ್ಡೂ ನಡೆಯಲ್ಲ, ಮೆಂಬರ್ ಕ್ಯಾಶ್ ಕೊಟ್ರೂ ತಗೊಳ್ಳಲ್ಲ, ಎಲ್ಲಾ ಅಕೌಂಟಿಗೇ ಹೋಗುತ್ತೆ. ಇನ್ನೊಂದು ಸ್ವಲ್ಪ ನೀರು ಕೊಡ್ಲಾ?" ಪಾಕೀಟು ಒಳಗಿಟ್ಟೆ, ಯಾರೂ ನೋಡ್ಲಿಲ್ಲ. ರೂಲ್ ನಮ್ಮಲ್ಲಿದ್ದದ್ದ. ನಾ ಅದನ್ನ ಗೆಸ್ಟ್ ಮ್ಯಾಲೆ ಹಾಕಿ ಹೇಳಿದ್ದೆ, ಅಂವ ಎಲ್ಲಾರಿಗೂ ಹಾಕಿ ಹೇಳಿದ. ರಾತ್ರಿ ಟ್ರೇನಿನ್ಯಾಗ ಹಾವೇರಿ ದಾಟೂ ತನಕಾ ನನಗ ನಿದ್ದಿ ಬರ್ಲಿಲ್ಲ.

ವಾಪಸ್ ಬಂದು ಮೊದಲ ಐಸಿನ ಬಕೆಟಿಗೆ ತೂತಿನ ತಾಟು ಇಡಿಸಿದೆ, ನೀರು ಕೆಳಗ ಇಳೀಲಿ ಅಂತ. ಗೆಸ್ಟ್ ಕುಂತ ಕೂಡ್ಲೆ ನೀರು. ಮೆಂಬರ್ ಎದ್ದು ಹೊರಗ ಹೋದ್ರ ನಮ್ಮ ಹುಡುಗರೊಳಗ ಒಬ್ಬಾಂವ ಆ ಟೇಬಲ್ ಮ್ಯಾಲೆ ಕಣ್ಣಿಡಬೇಕು, ಯಾಕಂದ್ರ ಗೆಸ್ಟ್ ಒಬ್ರ ಇದ್ದಾಗ ಬಾಯಿಬಿಟ್ಟು ಏನೂ ಕೇಳಂಗಿಲ್ಲ, ಶೇಂಗಾ ಸೈತ ಕೇಳಂಗಿಲ್ಲ. ಇನ್ನ ಕೌಂಟರ್ ಮ್ಯಾಲೆ "ಗೆಸ್ಟ್‌ಗಳಿಂದ ನಗದು ಸ್ವೀಕರಿಸುವುದಿಲ್ಲ" ಅಂತ ಹಳೇ ಬೋರ್ಡಿತ್ತು, ಸೆಕ್ರೆಟರಿ ಸಾಹೇಬ್ರಿಗೆ ಹೇಳಿ ಅದನ್ನ ತಗಿಸಿ "ಇಲ್ಲಿ ನಗದು ವ್ಯವಹಾರವಿಲ್ಲ" ಅಂತ ಬರೆಸಿದ್ವಿ. ಅವರು ಮೊದ್ಲ ಎರಡೂ ಒಂದ ಅಲ್ಲೇನೋ ಅಂದ್ರು. ಮಾಸ್ತರ್ ವಿಷಯ ಹೇಳಿದ ಮ್ಯಾಲೆ ಸುಮ್ನಾಗಿ ಪೇಂಟರಿಗೆ ಫೋನ್ ಹಚ್ಚಿದ್ರು.

ಮಾಸ್ತರ್ ಗೆಳ್ಯಾ ಸಾಹೇಬ್ರು ಈಗ್ಲೂ ವಾರಕ್ಕೊಮ್ಮೆ ಬರ್ತಾರ, ಒಬ್ರ. ಎರಡು ಸಲ ಕೇಳೇನಿ, ಮಾಸ್ತರ್‌ನ ಕರ್ಕೊಂಡು ಬರ್ರಿ ಅಂತ. ಕರ್ದೇನಿ, ಬ್ಯಾಡ ಅಂತಾನ ಅಂದ್ರು.